ಗರಿಂಚಾ: ಮಾರ್ಕ್ಸ್ ಕಾರ್ಡ್ ಬೇರೆ, ಕಾಂಡಕ್ಟ್ ಸರ್ಟಿಫಿಕೇಟ್ ಬೇರೆ

ಜೀವನ ಚರಿತ್ರೆ ಅಂದ ತಕ್ಷಣ ನಮ್ಮ ಕನ್ನಡ ಸಂಘದಲ್ಲಿ ಎರಡು ಹೆಸರು ಮೊದಲು ಬರುತ್ತವೆ. ಮುಳಬಾಗಿಲಿನವರು ಡಿ.ವಿ.ಜಿ. ಅಂತಾರೆ, ಮಾಲೂರಿನವರು ಮಾಸ್ತಿ ಅಂತಾರೆ. ಇಬ್ಬರೂ ನಮ್ಮ ಜಿಲ್ಲೆಯ ಹೆಮ್ಮೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಈ ಸಲ ನಾವು ದೂರದ ಬ್ರೆಜಿಲ್‌ನ ಒಬ್ಬ ಫುಟ್‌ಬಾಲ್ ಆಟಗಾರನ ಕತೆ ಹೇಳ್ತೇವೆ. ಇದಕ್ಕೆ ಕಾರಣ ನಮ್ಮ ಹಾಸ್ಟೆಲ್‌ನಲ್ಲಿ ಊಟ ಆದ ಮೇಲೆ ನಡೆಯುವ ಮುಗಿಯದ ವಾದ. ಯಾವುದೋ ಆಟಗಾರನ ಮೇಲೆ ಕೇಸ್ ಆಗಿದೆ, ಇನ್ನೊಬ್ಬ ಪಾರ್ಟಿಯಲ್ಲಿ ಸಿಕ್ಕಿಬಿದ್ದಿದ್ದಾನೆ ಅಂತ ಸುದ್ದಿ ಬಂದ ಕೂಡಲೇ ಎರಡು ಪಾರ್ಟಿ ಆಗ್ತವೆ. ಒಬ್ಬರು ಆಟ ನೋಡ್ರೋ, ಅವನ ಮನೆ ವಿಷಯ ನಮಗ್ಯಾಕೆ ಅಂತಾರೆ. ಇನ್ನೊಬ್ಬರು ಅಂಥವನ ಜೆರ್ಸಿ ಹಾಕ್ಕೊಳ್ಳೋಕೆ ನಾಚಿಕೆ ಆಗಲ್ವಾ ಅಂತಾರೆ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ನಾಲ್ಕು ತಾಲ್ಲೂಕಿನವರು ಸೇರಿದರೆ ಐದು ಅಭಿಪ್ರಾಯ.

ಈ ಪ್ರಶ್ನೆಗೆ ಒಬ್ಬನ ಬದುಕು ಪೂರ್ತಿ ಸಾಕ್ಷಿಯಾಗಿ ನಿಂತಿದೆ. ಅವನೇ ಗರಿಂಚಾ. ಪೆಲೆ ಹೆಸರು ಗೊತ್ತಿಲ್ಲದವರು ಇಲ್ಲ. ಆದರೆ ಪೆಲೆಯ ಜೊತೆಗೇ ಆಡಿ, ಎರಡು ವಿಶ್ವಕಪ್ ಗೆದ್ದ ಇವನ ಹೆಸರು ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ.

ಗರಿಂಚಾನ ಪೂರ್ತಿ ಹೆಸರು ಮನೊಯೆಲ್ ಫ್ರಾನ್ಸಿಸ್ಕೊ ದೊಸ್ ಸಾಂಟೊಸ್. ಹುಟ್ಟಿದ್ದು 1933ರ ಅಕ್ಟೋಬರ್‌ನಲ್ಲಿ, ರಿಯೊ ಡಿ ಜನೈರೊ ರಾಜ್ಯದ ಪಾವ್ ಗ್ರಾಂಡೆ ಅನ್ನೋ ಸಣ್ಣ ಊರಲ್ಲಿ. ಗರಿಂಚಾ ಅಂದರೆ ಅಲ್ಲಿನ ಒಂದು ಪುಟ್ಟ ಕಂದು ಹಕ್ಕಿ. ಮಗು ಸಣ್ಣಗಿತ್ತು ಅಂತ ಅಕ್ಕ ಇಟ್ಟ ಅಡ್ಡಹೆಸರು, ಸಾಯೋವರೆಗೂ ಅದೇ ಉಳಿಯಿತು.

ಪಾವ್ ಗ್ರಾಂಡೆ ಹೇಗಿತ್ತು ಅಂತ ತಿಳಿಯೋಕೆ ನಾವು ಬ್ರೆಜಿಲ್‌ಗೆ ಹೋಗಬೇಕಾಗಿಲ್ಲ. ಪಕ್ಕದ ಕೆಜಿಎಫ್‌ಗೆ ಹೋದರೆ ಸಾಕು. ಕೆಜಿಎಫ್‌ನಲ್ಲಿ 1880ರಿಂದ ಜಾನ್ ಟೇಲರ್ ಕಂಪನಿಯ ಗಣಿ ಇತ್ತಲ್ಲ, ಹಾಗೆ ಅಲ್ಲಿ ಒಂದು ಬಟ್ಟೆ ಮಿಲ್ಲು. ಊರಿಗೆ ಊರೇ ಆ ಮಿಲ್ಲಿನದು. ಕೆಲಸ ಮಿಲ್ಲಿನಲ್ಲಿ, ಮನೆ ಮಿಲ್ಲಿನದು, ಫುಟ್‌ಬಾಲ್ ಟೀಮೂ ಮಿಲ್ಲಿನವರದೇ. ಗಣಿ ಲೈನುಗಳಲ್ಲಿ ಬೆಳೆದ ಹುಡುಗರಿಗೆ ಶಿಫ್ಟ್ ಮುಗಿದ ಮೇಲೆ ಬಾಲು ಹೇಗೋ, ಇವನಿಗೂ ಹಾಗೇ. 14ನೇ ವಯಸ್ಸಿಗೆ ಮಿಲ್ಲಿಗೆ ಸೇರಿದ. ಕೆಲಸದಲ್ಲಿ ಮಹಾ ಸೋಮಾರಿ. ಮೀನು ಹಿಡಿಯೋದು, ಹಕ್ಕಿ ಹಿಂದೆ ಓಡೋದು, ಮಿಲ್ಲಿನಲ್ಲೇ ಮೂಲೆ ಹುಡುಕಿ ಮಲಗೋದು. ಒಮ್ಮೆ ಕೆಲಸದಿಂದ ತೆಗೆದೂ ಹಾಕಿದರು. ಆದರೆ ಟೀಮಿಗೆ ಅವನು ಬೇಕಾಗಿತ್ತು, ಮತ್ತೆ ಸೇರಿಸಿಕೊಂಡರು. ಇದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ. ಚೆನ್ನಾಗಿ ಆಡಿದರೆ ಉಳಿದದ್ದೆಲ್ಲ ನಡೆಯುತ್ತೆ ಅನ್ನೋ ಪಾಠ ಅವನಿಗೆ ಮೊದಲು ಸಿಕ್ಕಿದ್ದು ಇಲ್ಲಿ.

ಇನ್ನು ಅವನ ಕಾಲು. ಹುಟ್ಟಿನಿಂದಲೇ ಎರಡೂ ಕಾಲು ಒಂದೇ ಕಡೆಗೆ ಬಾಗಿದ್ದವು. ಒಂದು ಒಳಕ್ಕೆ, ಇನ್ನೊಂದು ಹೊರಕ್ಕೆ. ಒಂದು ಕಾಲು ಇನ್ನೊಂದಕ್ಕಿಂತ ಸುಮಾರು 6 ಸೆಂಟಿಮೀಟರ್ ಗಿಡ್ಡ. ಇಂಥ ಹುಡುಗ ನಮ್ಮ ಶಾಲೆಗೆ ಬಂದಿದ್ದರೆ ಪಿ.ಟಿ. ಮೇಷ್ಟ್ರು ಸ್ಕೋರ್ ಬರೆಯೋಕೆ ಕೂರಿಸ್ತಿದ್ದರೇನೋ. ಆದರೆ ಇವನು ರೈಟ್ ವಿಂಗ್‌ನಲ್ಲಿ ನಿಂತರೆ ಡಿಫೆಂಡರ್‌ಗೆ ತಲೆ ಕೆಡುತ್ತಿತ್ತು. ಅವನು ಮಾಡುತ್ತಿದ್ದದ್ದು ಬಹುಪಾಲು ಒಂದೇ ಟ್ರಿಕ್. ಬಾಲು ಮುಂದಿಟ್ಟು ನಿಲ್ಲೋದು, ಮೈಯನ್ನು ಎಡಕ್ಕೆ ವಾಲಿಸೋದು, ಆಮೇಲೆ ಬಲಕ್ಕೆ ಹಾರೋದು. ಬಲಕ್ಕೇ ಹೋಗ್ತಾನೆ ಅಂತ ಇಡೀ ಸ್ಟೇಡಿಯಂಗೆ ಗೊತ್ತು, ಡಿಫೆಂಡರ್‌ಗೂ ಗೊತ್ತು. ಆದರೂ ಹಿಡಿಯೋಕೆ ಆಗ್ತಿರಲಿಲ್ಲ.

ನಾವು ಇಂಜಿನಿಯರಿಂಗ್ ಹುಡುಗರಲ್ವಾ, ಇದಕ್ಕೊಂದು ಲೆಕ್ಕ ಹುಡುಕಿದೆವು. ಡಿಫೆಂಡರ್‌ನ ಭಾರ ತಪ್ಪು ಕಾಲಿನ ಮೇಲೆ ಬಿದ್ದ ಕ್ಷಣ ಅವನು ತಿರುಗಬೇಕಾದರೆ ಮೊದಲು ಆ ಭಾರವನ್ನು ಇನ್ನೊಂದು ಕಾಲಿಗೆ ತರಬೇಕು. ಆ ಅರೆ ಕ್ಷಣದಲ್ಲಿ ಗರಿಂಚಾ ಆಗಲೇ ಎರಡು ಹೆಜ್ಜೆ ಮುಂದೆ. ಯಾವ ಕಡೆ ಹೋಗ್ತಾನೆ ಅನ್ನೋದು ಗುಟ್ಟಲ್ಲ, ಯಾವಾಗ ಹೋಗ್ತಾನೆ ಅನ್ನೋದೇ ಗುಟ್ಟು. ಜೊತೆಗೆ ಆ ಸೊಟ್ಟ ಕಾಲುಗಳಿಂದ ಬರುವ ವಾಲುವಿಕೆಯನ್ನು ಬೇರೆ ಯಾವ ಆಟಗಾರನಲ್ಲೂ ಡಿಫೆಂಡರ್‌ಗಳು ನೋಡಿರಲಿಲ್ಲ.

1953ರಲ್ಲಿ ರಿಯೊದ ಬೊಟಾಫೊಗೊ ಕ್ಲಬ್ಬಿನ ಟ್ರಯಲ್‌ಗೆ ಹೋದ. ಆಗ ಅವನಿಗೆ 19, ಅಂದರೆ ನಮ್ಮದೇ ವಯಸ್ಸು. ಆದರೆ ಆಗಲೇ ಮದುವೆ ಆಗಿತ್ತು. ಎದುರಿಗೆ ನಿಂತವನು ನಿಲ್ಟನ್ ಸ್ಯಾಂಟೋಸ್, ಬ್ರೆಜಿಲ್ ತಂಡದ ದೊಡ್ಡ ಡಿಫೆಂಡರ್. ಮಿಲ್ಲಿನ ಹುಡುಗ ಅವನ ಎರಡು ಕಾಲಿನ ಮಧ್ಯೆ ಬಾಲು ತೂರಿಸಿ ಮುಂದೆ ಹೋದ. ಇನ್ಯಾರಾದರೂ ಆಗಿದ್ದರೆ ಸಿಟ್ಟು ಬರ್ತಿತ್ತು. ನಿಲ್ಟನ್ ಸ್ಯಾಂಟೋಸ್ ನೇರ ಕ್ಲಬ್ಬಿನವರ ಹತ್ತಿರ ಹೋಗಿ ಇವನನ್ನು ಬಿಡಬೇಡಿ ಅಂತ ಹೇಳಿದ. ಮುಂದೆ ಇವನನ್ನು ಎದುರಿಗೆ ಹಾಕ್ಕೊಂಡು ಆಡೋಕೆ ತನಗಿಷ್ಟವಿಲ್ಲ ಅನ್ನೋದೇ ಕಾರಣ. ಅದೇ ವರ್ಷ ಕ್ಲಬ್ಬಿನ ಮೊದಲ ತಂಡದಲ್ಲಿ ಆಡಿದ ಮೊದಲ ಪಂದ್ಯದಲ್ಲೇ ಗರಿಂಚಾ ಮೂರು ಗೋಲು ಹೊಡೆದ.

ಈಗ ನಮ್ಮ ಪ್ರಶ್ನೆ ಶುರುವಾಗೋ ಜಾಗಕ್ಕೆ ಬಂದೆವು. 1958ರಲ್ಲಿ ಸ್ವೀಡನ್‌ನಲ್ಲಿ ವಿಶ್ವಕಪ್. ಅದಕ್ಕೆ ಮುಂಚೆ ಇಟಲಿಯ ಫಿಯೊರೆಂಟಿನಾ ತಂಡದ ಜೊತೆ ಒಂದು ಅಭ್ಯಾಸ ಪಂದ್ಯ. ಗರಿಂಚಾ ಡಿಫೆಂಡರ್‌ಗಳನ್ನು ದಾಟಿದ, ಗೋಲ್‌ಕೀಪರ್‌ನನ್ನೂ ದಾಟಿದ, ಗೋಲು ಖಾಲಿ. ಹೊಡೀಬೇಕು ತಾನೇ? ಹೊಡೆಯಲಿಲ್ಲ. ಒಬ್ಬ ಡಿಫೆಂಡರ್ ವಾಪಸ್ ಓಡಿ ಬರೋವರೆಗೂ ಕಾದು, ಅವನನ್ನೂ ಇನ್ನೊಮ್ಮೆ ಏಮಾರಿಸಿ, ಆಮೇಲೆ ಬಾಲನ್ನು ಒಳಗೆ ತಳ್ಳಿದ. ಜನ ನಕ್ಕರು. ತಂಡದ ಹಿರಿಯರಿಗೆ ನಗು ಬರಲಿಲ್ಲ, ಇವನಿಗೆ ಜವಾಬ್ದಾರಿಯೇ ಇಲ್ಲ ಅನ್ನಿಸಿತು. ಮೇಲೆ ತಂಡದ ಜೊತೆ ಒಬ್ಬ ಮನಃಶಾಸ್ತ್ರಜ್ಞರಿದ್ದರು, ಜೊವಾವ್ ಕಾರ್ವಾಲ್ಯೆಸ್. ಅವರು ಎಲ್ಲರಿಗೂ ಪೇಪರ್ ಪೆನ್ಸಿಲ್ ಕೊಟ್ಟು ಟೆಸ್ಟ್ ಮಾಡಿದರು. ಗರಿಂಚಾ ಅದರಲ್ಲಿ ಫೇಲ್. ಇಂಥ ದೊಡ್ಡ ಪಂದ್ಯಗಳಿಗೆ ಈ ಹುಡುಗ ಲಾಯಕ್ಕಲ್ಲ ಅಂತ ವರದಿ. ತಮಾಷೆ ಅಂದರೆ 17 ವರ್ಷದ ಪೆಲೆಯ ಬಗ್ಗೆಯೂ, ಇನ್ನೂ ಮಗು, ಬೇಡ ಅಂತಲೇ ಬರೆದಿದ್ದರು.

ಮೊದಲ ಎರಡು ಪಂದ್ಯ ಗರಿಂಚಾ ಹೊರಗೇ ಕೂತ. ಇಂಗ್ಲೆಂಡ್ ಜೊತೆ ಗೋಲಿಲ್ಲದೆ ಡ್ರಾ ಆಯಿತು. ಮೂರನೆಯದು ಜೂನ್ 15ರಂದು ಸೋವಿಯತ್ ರಷ್ಯಾ ಜೊತೆ. ಸೋವಿಯತ್ ಅಂದರೆ ಆಗ ಶಿಸ್ತು, ವಿಜ್ಞಾನ, ಸ್ಪುಟ್ನಿಕ್. ಕೋಚ್ ವಿಸೆಂಟೆ ಫಿಯೋಲಾ ಟೆಸ್ಟ್ ವರದಿ ಪಕ್ಕಕ್ಕಿಟ್ಟು ಇಬ್ಬರನ್ನೂ ಇಳಿಸಿದ. ಶುರುವಾದ ಕೂಡಲೇ ಗರಿಂಚಾನ ಹೊಡೆತ ಗೋಲು ಕಂಬಕ್ಕೆ ಬಡಿಯಿತು. ಹಿಂದೆಯೇ ಪೆಲೆಯದೂ ಬಡಿಯಿತು. ಮೂರನೇ ನಿಮಿಷಕ್ಕೆ ವಾವಾ ಗೋಲು. ಫುಟ್‌ಬಾಲ್ ಬಲ್ಲವರು ಆ ಮೂರು ನಿಮಿಷವನ್ನು ಇವತ್ತಿಗೂ ಮಾತಾಡ್ತಾರೆ. ಫೈನಲ್‌ನಲ್ಲಿ ಸ್ವೀಡನ್ ಮೊದಲು ಗೋಲು ಹೊಡೆಯಿತು. ಗರಿಂಚಾ ಬಲಗಡೆಯಿಂದ ಒಂದೇ ಥರ ಎರಡು ಸಲ ನುಗ್ಗಿ ಬಾಲು ಕೊಟ್ಟ, ವಾವಾ ಎರಡೂ ಸಲ ಗೋಲು ಹಾಕಿದ. ಕೊನೆಗೆ 5–2. ಬ್ರೆಜಿಲ್‌ಗೆ ಮೊದಲ ವಿಶ್ವಕಪ್.

ಆ ಟೆಸ್ಟ್ ಪೇಪರನ್ನೇ ನಂಬಿದ್ದರೆ ಇದ್ಯಾವುದೂ ಆಗ್ತಿರಲಿಲ್ಲ. ಒಬ್ಬನ ಸ್ವಭಾವ ನೋಡಿ ಅವನ ಆಟಕ್ಕೆ ಮಾರ್ಕ್ಸ್ ಹಾಕೋದು ಎಷ್ಟು ತಪ್ಪು ಅನ್ನೋದಕ್ಕೆ ಇದಕ್ಕಿಂತ ಉದಾಹರಣೆ ಬೇಕಿಲ್ಲ.

1962, ಚಿಲಿ. ಎರಡನೇ ಪಂದ್ಯದಲ್ಲೇ ಪೆಲೆಗೆ ಗಾಯ, ಮುಂದಿನ ಯಾವ ಪಂದ್ಯಕ್ಕೂ ಇಲ್ಲ. ಬ್ರೆಜಿಲ್ ಕತೆ ಮುಗೀತು ಅಂತ ಎಲ್ಲರೂ ಅಂದುಕೊಂಡಾಗ ಗರಿಂಚಾ ತಂಡವನ್ನು ಹೆಗಲ ಮೇಲೆ ಹೊತ್ತ. ಇಂಗ್ಲೆಂಡ್ ವಿರುದ್ಧ ಎರಡು ಗೋಲು. ಅದೇ ಪಂದ್ಯದ ನಡುವೆ ಒಂದು ನಾಯಿ ಮೈದಾನಕ್ಕೆ ನುಗ್ಗಿತು. ಹಿಡಿಯೋಕೆ ಹೋದ ಗರಿಂಚಾನಿಗೇ ಅದು ಡ್ರಿಬಲ್ ಮಾಡಿ ತಪ್ಪಿಸಿಕೊಂಡಿತು! ಕೊನೆಗೆ ಇಂಗ್ಲೆಂಡಿನ ಜಿಮ್ಮಿ ಗ್ರೀವ್ಸ್ ನೆಲಕ್ಕೆ ಕೈಯೂರಿ ಹಿಡಿದ. ಆಮೇಲೆ ಲಾಟರಿ ಎತ್ತಿದಾಗ ಆ ನಾಯಿ ಗರಿಂಚಾನ ಪಾಲಿಗೇ ಬಂದು, ಅವನ ಮನೆ ಸೇರಿತು. ಸೆಮಿಫೈನಲ್‌ನಲ್ಲಿ ಚಿಲಿ ವಿರುದ್ಧ ಮತ್ತೆ ಎರಡು ಗೋಲು. ಆದರೆ ಕೊನೆಗೆ ಎದುರಾಳಿಗೆ ಒದ್ದು ಹೊರಗೆ ಹೋದ. ಆದರೂ ಫೈನಲ್ ಆಡೋಕೆ ಬಿಟ್ಟರು. ಜ್ವರ ಇಟ್ಟುಕೊಂಡೇ ಆಡಿದ, ಚೆಕೊಸ್ಲೊವಾಕಿಯಾ ವಿರುದ್ಧ 3–1, ಕಪ್ ಮತ್ತೆ ಬ್ರೆಜಿಲ್‌ಗೆ. ಆ ವಿಶ್ವಕಪ್‌ನ ಶ್ರೇಷ್ಠ ಆಟಗಾರ ಇವನೇ. ಬ್ರೆಜಿಲ್ ಪರ ಆಡಿದ 50 ಪಂದ್ಯಗಳಲ್ಲಿ ಸೋತದ್ದು ಒಂದೇ ಒಂದು. ಅವನೂ ಪೆಲೆಯೂ ಜೊತೆಯಲ್ಲಿ ಇಳಿದ ಯಾವ ಪಂದ್ಯವನ್ನೂ ಬ್ರೆಜಿಲ್ ಸೋಲಲಿಲ್ಲ.

ಇದು ಮಾರ್ಕ್ಸ್ ಕಾರ್ಡ್. ಇನ್ನು ಎರಡನೇ ಪೇಪರ್.

ನಾವು ಪಿಯುಸಿ ಮುಗಿಸಿದಾಗ ಕಾಲೇಜಿನಿಂದ ಎರಡು ಬೇರೆ ಬೇರೆ ಕಾಗದ ಕೊಟ್ಟರಲ್ಲ, ಮಾರ್ಕ್ಸ್ ಕಾರ್ಡ್ ಒಂದು, ಕಾಂಡಕ್ಟ್ ಸರ್ಟಿಫಿಕೇಟ್ ಒಂದು. ಮಿಸ್‌ಬಿಹೇವ್ ಮಾಡಿದ ಅಂತ ಯಾರೂ ಮ್ಯಾಥ್ಸ್‌ನಲ್ಲಿ 10 ಮಾರ್ಕ್ಸ್ ಕಳೆಯಲ್ಲ. ಮ್ಯಾಥ್ಸ್‌ನಲ್ಲಿ 100 ಬಂತು ಅಂತ ಮಾಡಿದ ತಪ್ಪು ಅಳಿಸಿ ಹೋಗಲೂಬಾರದು. ಗರಿಂಚಾನ ಎರಡನೇ ಕಾಗದ ಓದೋಕೆ ಕಷ್ಟ.

ಅವನ ಹೆಂಡತಿ ನಾಯಿರ್, ಅದೇ ಮಿಲ್ಲಿನ ಹುಡುಗಿ. 1952ರಲ್ಲಿ ಮದುವೆ, ಎಂಟು ಹೆಣ್ಣು ಮಕ್ಕಳು. ಇವನು ರಿಯೊದಲ್ಲಿ ಮೆರೆಯುವಾಗ ಅವರೆಲ್ಲ ಪಾವ್ ಗ್ರಾಂಡೆಯಲ್ಲೇ ಇದ್ದರು. ಹೊರಗೆ ಬೇರೆ ಸಂಬಂಧಗಳು. ಕಡಿಮೆ ಅಂದರೂ 14 ಮಕ್ಕಳು ಅನ್ನೋ ಲೆಕ್ಕ ಇದೆ, ಅವರಲ್ಲಿ ಒಬ್ಬ ಮಗ ಸ್ವೀಡನ್ ಪ್ರವಾಸದ ಕಾಲದವನು. ಜೊತೆಗೆ ಕುಡಿತ. ಅಪ್ಪನಿಗೂ ಅದೇ ಚಟ ಇತ್ತು. ಕಬ್ಬಿನ ರಸದಿಂದ ಮಾಡುವ ಅಲ್ಲಿನ ಸಾರಾಯಿ ಕಶಾಸಾ ಅವನನ್ನು ಚಿಕ್ಕಂದಿನಿಂದಲೂ ಬಿಡಲಿಲ್ಲ.

1962ರ ಸುಮಾರಿಗೆ ಎಲ್ಜಾ ಸೊಆರೆಸ್ ಜೊತೆ ಪ್ರೀತಿ. ಆಕೆ ಸಾಂಬಾ ಗಾಯಕಿ, ಕೊಳೆಗೇರಿಯಿಂದ ಎದ್ದು ಬಂದು ದೇಶಕ್ಕೇ ಹೆಸರಾದವಳು. ಗರಿಂಚಾ ಹೆಂಡತಿ ಮಕ್ಕಳನ್ನು ಬಿಟ್ಟು ಎಲ್ಜಾ ಜೊತೆ ಹೋದ. ದೇಶಕ್ಕೆ ಸಿಟ್ಟು ಬಂತು. ಬರಲಿ, ಆದರೆ ಆ ಸಿಟ್ಟು ಯಾರ ಮೇಲೆ ಬಿತ್ತು ನೋಡಿ. ಮನೆ ಮುರಿದವಳು ಅಂತ ಎಲ್ಜಾಳನ್ನು ಬೈದರು. ಅವರಿದ್ದ ಮನೆ ಮೇಲೆ ದಾಳಿ ಮಾಡಿದರು. ಬಿಟ್ಟು ಬಂದವನು ಗರಿಂಚಾ, ಕಲ್ಲು ಬಿದ್ದದ್ದು ಎಲ್ಜಾಗೆ. ಎರಡು ಕಪ್ ಗೆದ್ದುಕೊಟ್ಟ ಹುಡುಗ ಪಾಪ ಮುಗ್ಧ, ಆಕೆಯೇ ಕೆಡಿಸಿದಳು ಅನ್ನೋದು ಊರ ಮಾತು. ನಮ್ಮ ಕಡೆ ಊರ ಬಾಯಿ ಹೇಗೋ ಅಲ್ಲೂ ಹಾಗೇ. ಗಂಡಸಿನ ತಪ್ಪಿಗೆ ಹೆಂಗಸಿನ ಹೆಸರು ಕೆಡೋದು ಎಲ್ಲ ಕಡೆಯೂ ಇದೆ.

1969ರಲ್ಲಿ ಅವನು ಓಡಿಸುತ್ತಿದ್ದ ಕಾರು ಲಾರಿಗೆ ಗುದ್ದಿತು, ಎಲ್ಜಾಳ ತಾಯಿ ತೀರಿಕೊಂಡರು. ಆಮೇಲೆ ಕೆಲವು ಕಾಲ ಇಬ್ಬರೂ ದೇಶ ಬಿಟ್ಟು ಇಟಲಿಯಲ್ಲಿದ್ದರು. 1976ರಲ್ಲಿ ಇಬ್ಬರಿಗೂ ಒಬ್ಬ ಮಗ ಹುಟ್ಟಿದ. ಕುಡಿತ ಬಿಡಿಸೋಕೆ ಎಲ್ಜಾ ವರ್ಷಗಟ್ಟಲೆ ಹೆಣಗಿದಳು. 1977ರಲ್ಲಿ ಅವನು ಕೈ ಮಾಡಿದ ಮೇಲೆ ಆಕೆ ಬೇರೆಯಾದಳು. ಇದನ್ನು ನಾವು ಮೆತ್ತಗೆ ಮಾಡಿ ಬರೆಯೋಕೆ ಹೋಗಲ್ಲ. ಯಾವ ಡ್ರಿಬಲ್ಲೂ ಇದಕ್ಕೆ ಉತ್ತರ ಅಲ್ಲ.

ಆದರೆ ಇನ್ನೂ ಒಂದು ವಿಷಯ ಇದೆ. ಗರಿಂಚಾನ ಮಂಡಿ ಸವೆಯುತ್ತಾ ಬಂದಿತ್ತು. ಸೊಟ್ಟ ಕಾಲು, ವರ್ಷಕ್ಕೆ ಲೆಕ್ಕವಿಲ್ಲದಷ್ಟು ಪಂದ್ಯ, ಎದುರಾಳಿಗಳ ಒದೆ. ಇಂಜೆಕ್ಷನ್ ಚುಚ್ಚಿ ಚುಚ್ಚಿ ಆಡಿಸಿದರು. ಗರಿಂಚಾ ಇದ್ದರೆ ಬೊಟಾಫೊಗೊಗೆ ವಿದೇಶ ಪ್ರವಾಸಗಳಲ್ಲಿ ದುಡ್ಡು ಜಾಸ್ತಿ, ಇಲ್ಲದಿದ್ದರೆ ಕಡಿಮೆ. ಹಾಗಾಗಿ ವಿಶ್ರಾಂತಿ ಯಾರಿಗೂ ಬೇಕಿರಲಿಲ್ಲ. ಅವನು ಓದದೆ ಕಾಂಟ್ರ್ಯಾಕ್ಟ್‌ಗೆ ಸಹಿ ಹಾಕುತ್ತಿದ್ದ, ಸಂಬಳದ ಜಾಗ ಖಾಲಿ ಇರುವಾಗಲೇ. ಆಪರೇಷನ್ ಆದಾಗ 1964. ಅಷ್ಟರಲ್ಲಿ ಹಳೇ ಓಟ ಹೋಗಿತ್ತು. ಕುಡೀತಾನೆ ಅಂತ ಎಲ್ಲರಿಗೂ ಗೊತ್ತಿತ್ತು. ಭಾನುವಾರ ಆಡಿದರೆ ಸಾಕು ಅಂತ ಸುಮ್ಮನಿದ್ದರು. ಅವನು ಕ್ಲಬ್ಬಿಗೆ ಎರಡು ಕಾಲು ಮಾತ್ರ, ಮನುಷ್ಯ ಅಲ್ಲ. ಮಿಲ್ಲಿನಲ್ಲಿ ಶುರುವಾದ ಪಾಠ ಇಲ್ಲಿ ಪೂರ್ತಿ ಆಯಿತು.

ಇಲ್ಲಿ ನಾವು ನಮ್ಮ ಊರಿಗೆ ಬರಬೇಕು. ನಮ್ಮ ನಾಲ್ಕೂ ತಾಲ್ಲೂಕಿನ ಯಾವ ಊರಿಗೆ ಹೋದರೂ ಇಂಥವನೊಬ್ಬ ಇದ್ದೇ ಇರ್ತಾನೆ. ಕೈ ಹಾಕಿದರೆ ಗೋಡೆ ನೂಲು ಹಿಡಿದಂತೆ ನಿಲ್ಲಿಸುವ ಗಾರೆ ಮೇಸ್ತ್ರಿ. ಊರ ಹಬ್ಬದಲ್ಲಿ ಮೈ ಝುಂ ಅನ್ನಿಸೋ ಹಾಗೆ ತಮಟೆ ಬಾರಿಸುವವನು. ಸಂಜೆ ಆದರೆ ಬ್ರಾಂದಿ ಅಂಗಡಿ ಮುಂದೆ. ಊರವರು ಎರಡೇ ಥರ ಮಾತಾಡ್ತಾರೆ. ಒಂದು, ಅವನ ಕೈ ಕೆಲಸ ಏನು ಚೆಂದ, ಕುಡಿದರೆ ಕುಡೀಲಿ ಬಿಡಿ ಅಂತ. ಹಬ್ಬದ ದಿನ ಅವರೇ ಕುಡಿಸ್ತಾರೆ ಕೂಡ. ಇನ್ನೊಂದು, ಕುಡುಕ, ಅವನ ಕೆಲಸ ಏನ್ ನಂಬೋದು ಅಂತ. ಮೊದಲ ಮಾತಿನಲ್ಲಿ ಅವನ ಹೆಂಡತಿ ಮಕ್ಕಳು ಕಾಣಲ್ಲ. ಎರಡನೇ ಮಾತಿನಲ್ಲಿ ಅವನ ವಿದ್ಯೆ ಕಾಣಲ್ಲ. ಎರಡರಲ್ಲೂ ಕಾಣದೇ ಇರೋದು ಅವನ ಕಾಯಿಲೆ. ಮೂರನೇ ಮಾತು, ಬಾರಪ್ಪ ಆಸ್ಪತ್ರೆಗೆ ಹೋಗೋಣ ಅಂತ ಕೈ ಹಿಡಿದು ಕರೆಯೋರು ಕಡಿಮೆ.

ಇನ್ನೊಂದು ಮಾತು. ಹೆಸರು ಬೇರೆ, ನಡತೆ ಬೇರೆ. ಪೆಲೆ ಮತ್ತು ಗರಿಂಚಾ ಇಬ್ಬರನ್ನೂ ಅಕ್ಕಪಕ್ಕ ಇಟ್ಟು ಒಬ್ಬ ಶಿಸ್ತಿನ ಸಿಪಾಯಿ, ಇನ್ನೊಬ್ಬ ದಾರಿ ತಪ್ಪಿದವನು ಅಂತ ಹೇಳೋದು ರೂಢಿ. ಶಿಸ್ತಿನ ಮಟ್ಟಿಗೆ ಅದು ನಿಜ. ಆದರೆ ಪೆಲೆಯೂ ಒಬ್ಬ ಮಗಳನ್ನು ತನ್ನವಳೆಂದು ಒಪ್ಪಲಿಲ್ಲ. ಆಕೆ ವರ್ಷಗಟ್ಟಲೆ ಕೋರ್ಟಿಗೆ ಅಲೆದ ಮೇಲೆ, 1990ರ ದಶಕದಲ್ಲಿ, ಆಕೆ ಪೆಲೆಯ ಮಗಳು ಅಂತ ತೀರ್ಪು ಬಂತು. ಪೆಲೆಯ ಹೆಸರಿಗೆ ದೊಡ್ಡ ಪೆಟ್ಟೇನೂ ಬೀಳಲಿಲ್ಲ. ಅಂದರೆ ನಾವು ಆಟಗಾರನ ನಡತೆ ಅಂತ ಯಾವುದನ್ನು ಕರೀತೇವೋ ಅದು ಎಷ್ಟೋ ಸಲ ಪೇಪರಿನವರು ಬರೆದ ಹೆಸರು ಮಾತ್ರ. ಕಾಂಡಕ್ಟ್ ಸರ್ಟಿಫಿಕೇಟ್ ಕೊಡೋಕೆ ಹೊರಟವರು ಪೂರ್ತಿ ವಿಚಾರಿಸಿ ಕೊಡಬೇಕು, ಎಲ್ಲರಿಗೂ ಒಂದೇ ಅಳತೆಯಲ್ಲಿ ಕೊಡಬೇಕು.

ಗರಿಂಚಾನ ಕೊನೆ ಬೇಗ ಹೇಳಿ ಮುಗಿಸ್ತೇವೆ. 1966ರ ಇಂಗ್ಲೆಂಡ್ ವಿಶ್ವಕಪ್‌ಗೆ ಕೆಟ್ಟ ಮಂಡಿಯಲ್ಲೇ ಹೋದ. ಬಲ್ಗೇರಿಯಾ ವಿರುದ್ಧ ಫ್ರೀ ಕಿಕ್‌ನಲ್ಲಿ ಒಂದು ಗೋಲು, ಹಂಗೆರಿ ವಿರುದ್ಧ 3–1 ಸೋಲು. ಬ್ರೆಜಿಲ್ ಅಂಗಿಯಲ್ಲಿ ಅವನ ಏಕೈಕ ಸೋಲು ಅದೇ, ಕೊನೆಯ ಪಂದ್ಯವೂ ಅದೇ. ಆಮೇಲೆ ಕೊರಿಂಥಿಯನ್ಸ್, ಫ್ಲಮೆಂಗೊ, ಒಲಾರಿಯಾ ಅಂತ ಕ್ಲಬ್ ಬದಲಿಸುತ್ತಾ ಹೋದ. ಹಣ ಉಳಿದಿರಲಿಲ್ಲ. 1973ರ ಡಿಸೆಂಬರ್‌ನಲ್ಲಿ ಮರಕಾನಾ ಸ್ಟೇಡಿಯಂನಲ್ಲಿ ಅವನ ಸಹಾಯಕ್ಕೆ ಬೀಳ್ಕೊಡುಗೆ ಪಂದ್ಯ ಇಟ್ಟರು. ಒಂದು ಲಕ್ಷದ 30 ಸಾವಿರದಷ್ಟು ಜನ ಬಂದರು. 1980ರ ಕಾರ್ನಿವಲ್ ಮೆರವಣಿಗೆಯಲ್ಲಿ ಮಾಂಗೇರಾ ಸಾಂಬಾ ತಂಡದವರು ಅವನನ್ನು ಗಾಡಿ ಮೇಲೆ ಕೂರಿಸಿ ಕರೆದುಕೊಂಡು ಹೋದರು. ನೋಡಿದವರಿಗೆ ಗಾಬರಿ ಆಯಿತು. ಔಷಧಿ ಮಂಪರಿನಲ್ಲಿ, ಯಾರ ಗುರುತೂ ಇಲ್ಲದವನಂತೆ ಕೂತಿದ್ದ. 1983ರ ಜನವರಿ 20ರಂದು ರಿಯೊದ ಆಸ್ಪತ್ರೆಯಲ್ಲಿ ತೀರಿಕೊಂಡ. ಕುಡಿತ ಯಕೃತ್ತನ್ನು ತಿಂದು ಹಾಕಿತ್ತು. ವಯಸ್ಸು ಬರೀ 49. ದೇಹವನ್ನು ಮರಕಾನಾದಲ್ಲಿ ಇಟ್ಟರು. ಅಲ್ಲಿಂದ ಊರಿನ ಕಡೆಗೆ ಒಯ್ಯುವಾಗ ರಸ್ತೆ ಉದ್ದಕ್ಕೂ ಸಾವಿರಾರು ಜನ. ರಾಜಧಾನಿ ಬ್ರೆಸಿಲಿಯಾದ ದೊಡ್ಡ ಸ್ಟೇಡಿಯಂಗೆ ಇವತ್ತೂ ಅವನ ಹೆಸರೇ ಇದೆ.

ಅವನು ಸತ್ತ ಮೂರು ವರ್ಷಕ್ಕೆ ಅವನ ಮತ್ತು ಎಲ್ಜಾಳ ಮಗ, 9 ವರ್ಷದ ಹುಡುಗ, ಕಾರು ಅಪಘಾತದಲ್ಲಿ ಹೋದ. ಎಲ್ಜಾ ಮತ್ತೆ ಎದ್ದು ಹಾಡಿದಳು, ಇಳಿವಯಸ್ಸಿನಲ್ಲಿ ಹೆಣ್ಣಿನ ಮೇಲಿನ ಹಿಂಸೆಯ ಬಗ್ಗೆ ಹಾಡಿ ಹೊಸ ಪೀಳಿಗೆಗೂ ಬೇಕಾದಳು. ಆಕೆ ತೀರಿಕೊಂಡದ್ದು 2022ರಲ್ಲಿ, ಅದೂ ಜನವರಿ 20ರಂದೇ. ಗರಿಂಚಾ ಹೋಗಿ ಸರಿಯಾಗಿ 39 ವರ್ಷಕ್ಕೆ.

ಹಾಗಾದರೆ ನಮ್ಮ ತೀರ್ಮಾನ ಏನು? ಆಟಕ್ಕೆ ಮಾರ್ಕ್ಸ್ ಹಾಕುವಾಗ ಆಟವನ್ನೇ ನೋಡಿ ಹಾಕಬೇಕು. 1962ರ ಗರಿಂಚಾನಿಗೆ ನಾವು ಪೂರ್ತಿ ಮಾರ್ಕ್ಸ್ ಕೊಡ್ತೇವೆ, ಅರ್ಧ ಮಾರ್ಕ್ಸೂ ಕಳೆಯಲ್ಲ. ಆದರೆ ಆ ಕಾರ್ಡನ್ನು ತೋರಿಸಿ ಎರಡನೇ ಕಾಗದಕ್ಕೆ ಒಳ್ಳೆಯದು ಅಂತ ಸೀಲ್ ಹೊಡೆಯೋಕೆ ಬಿಡಲ್ಲ. ಆ ಕಾಗದದಲ್ಲಿ ನಾಯಿರ್ ಹೆಸರು ಇರಬೇಕು, ಎಂಟು ಹೆಣ್ಣು ಮಕ್ಕಳ ವಿಷಯ ಇರಬೇಕು, ಎಲ್ಜಾ ಹೆಸರು ಇರಬೇಕು. ಕೆಳಗೆ ಇಂಜೆಕ್ಷನ್ ಚುಚ್ಚಿಸಿದವರ ಸಹಿಯೂ ಇರಬೇಕು.

ನಮ್ಮ ಕಾಲೇಜು ಟೀಮುಗಳಿಗೂ ಇದೇ ಮಾತು. ಒಬ್ಬನಿಗೆ ಬ್ಯಾಕ್‌ಲಾಗ್ ಇದೆ, ಕೂದಲು ಬಿಟ್ಟಿದ್ದಾನೆ, ಎದುರು ಮಾತಾಡ್ತಾನೆ ಅಂತ ಅವನನ್ನು ಹನ್ನೊಂದರಿಂದ ಕೈ ಬಿಡಬೇಡಿ, ಬಾಲು ಕೊಟ್ಟು ನೋಡಿ. ಅವನೇ ಚೆನ್ನಾಗಿ ಆಡ್ತಾನೆ ಅಂತ ಅವನು ಜೂನಿಯರ್‌ಗೆ ಹೊಡೆದದ್ದನ್ನು ಮುಚ್ಚಿ ಹಾಕಬೇಡಿ. ಅವನೇ ಕುಡಿಯೋಕೆ ಶುರು ಮಾಡಿದರೆ ಪಂದ್ಯ ಮುಗಿಯಲಿ ಅಂತ ಕಾಯಬೇಡಿ, ಅವತ್ತೇ ಹೋಗಿ ಮಾತಾಡಿಸಿ.